ಇಟ್ಟಿಗೆ ಗೋಡೆಯ ಕೊಠಡಿಯನ್ನು ಧ್ವನಿಮುದ್ರಣಕ್ಕೆ ಒಗ್ಗಿಸುವುದು

ಮೈಸೂರಿನ ನಮ್ಮ ಮನೆಯ ಮಹಡಿಯ ಮೇಲೆ ನಾನು ಧ್ವನಿಮುದ್ರಣಕ್ಕೆ ಬಳಸುವ ಕೊಠಡಿ 12 ಅಡಿ ಉದ್ದ, 10 ಅಡಿ ಅಗಲ ಮತ್ತು 10 ಅಡಿ ಎತ್ತರವಿದೆ. ನಾಲ್ಕು ಕಡೆಯೂ ಗಿಲಾವು ಮಾಡಿದ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ಚಾವಣಿ, ಕೆಳಗೆ ಮೊಸಾಯಿಕ್ ನೆಲ. ನಮ್ಮ ಊರುಗಳಲ್ಲಿ ಇಂಥ ಕೊಠಡಿ ಇಲ್ಲದ ಬಡಾವಣೆಯೇ ಇಲ್ಲ. ಗಮಕ ವಾಚನ, ವೀಣೆ ಮತ್ತು ಆಡಿಯೊ ಪುಸ್ತಕಗಳ ಓದು ಇವಿಷ್ಟೇ ಇಲ್ಲಿ ನಡೆಯುವ ಮುದ್ರಣ. ಇದೇ ಬಗೆಯ ಕೊಠಡಿಯಲ್ಲಿ ಪಾಡ್‌ಕಾಸ್ಟ್ ಮಾಡುವವರು, ಸುಗಮ ಸಂಗೀತ ಹಾಡಿ ಮುದ್ರಿಸುವವರು, ಮನೆಯಿಂದಲೇ ಡಬ್ಬಿಂಗ್ ಧ್ವನಿ ಕೊಡುವವರು ಈಗ ಊರೂರಿನಲ್ಲಿದ್ದಾರೆ. ಅವರಲ್ಲಿ ಬಹುತೇಕರು ಮೈಕ್ ಮತ್ತು ಅದನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್‌ಗೆ ಹಣ ಸುರಿದ ಮೇಲೆ ಉಳಿದ ಚಿಲ್ಲರೆಯಲ್ಲಿ ಗೋಡೆಗೆ ಒಂದು ಅಂಗುಲದ ಫೋಮ್ ಅಂಟಿಸಿ, ಧ್ವನಿ ಇನ್ನೂ ಏಕೆ ಗುಂಯ್‌ಗುಡುತ್ತದೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ನಮ್ಮ ಗೋಡೆಗಳಲ್ಲಿಯೇ ಇದೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಅಕೌಸ್ಟಿಕ್ ಟ್ರೀಟ್‌ಮೆಂಟ್, ಅಂದರೆ ಕೊಠಡಿಯೊಳಗಿನ ಸದ್ದನ್ನು ಹದಗೊಳಿಸುವ ಕೆಲಸದ ಕುರಿತು ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಅಲ್ಲಿನ ಸಾಮಾನ್ಯ ಮನೆಯ ಗೋಡೆ ಎಂದರೆ ಮರದ ಚೌಕಟ್ಟಿನ ಎರಡೂ ಬದಿಗೆ ತೆಳ್ಳನೆಯ ಜಿಪ್ಸಮ್ ಹಲಗೆಯನ್ನು ಹೊಡೆದು ನಡುವೆ ಟೊಳ್ಳು ಬಿಟ್ಟ ಗೋಡೆ. ಕೆಳಸ್ವರದ ಅಲೆ ಬಡಿದಾಗ ಆ ಹಲಗೆ ಸ್ವಲ್ಪ ಬಾಗುತ್ತದೆ, ಬಾಗುವಾಗ ಅಲೆಯ ಶಕ್ತಿಯಲ್ಲಿ ಒಂದಷ್ಟನ್ನು ನುಂಗುತ್ತದೆ, ಇನ್ನೊಂದಷ್ಟನ್ನು ಆಚೆಗೆ ಬಿಟ್ಟುಕೊಡುತ್ತದೆ. ಹೀಗಾಗಿ ಅಲ್ಲಿನ ಕೊಠಡಿಯಲ್ಲಿ ಮಂದ್ರ ಭಾಗದ ಸದ್ದು ತಾನಾಗಿಯೇ ಸ್ವಲ್ಪ ಕರಗುತ್ತದೆ. ನಮ್ಮ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯಾಗಲಿ ಕಾಂಕ್ರೀಟ್ ಚಾವಣಿಯಾಗಲಿ ಬಾಗುವುದಿಲ್ಲ. ಬಡಿದದ್ದನ್ನು ಬಹುಪಾಲು ಹಾಗೆಯೇ ಹಿಂದಿರುಗಿಸುತ್ತದೆ. ಬೀದಿಯ ಸದ್ದನ್ನು ತಡೆಯುವುದರಲ್ಲಿ ಈ ಗೋಡೆಗೆ ಸಾಟಿಯಿಲ್ಲ, ಆದರೆ ಒಳಗಿನ ಕೆಳಸ್ವರವನ್ನು ಹೊರಗೆ ಹೋಗಲು ಬಿಡದೆ ಕೂಡಿಹಾಕುವುದೂ ಇದೇ ಗುಣ. ಆದ್ದರಿಂದ ಸದ್ದು ಹೀರಲು ಅವರಿಗೆ ಎರಡು ಅಂಗುಲ ದಪ್ಪದ ಪ್ಯಾನೆಲ್ ಸಾಕಾಗುವ ಕಡೆ ನಮಗೆ ನಾಲ್ಕು ಅಂಗುಲ ಬೇಕಾಗುತ್ತದೆ, ಮತ್ತು ನಮ್ಮ ಹಣ, ಶ್ರಮ, ಜಾಗ ಮೂರೂ ಮೊದಲು ಮೂಲೆಗಳಿಗೆ ಸಲ್ಲಬೇಕಾಗುತ್ತದೆ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ನಮ್ಮ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಎದುರುಬದುರಿನ ಎರಡು ಗೋಡೆಗಳ ನಡುವಿನ ಅಂತರವನ್ನು ಇಮ್ಮಡಿಗೊಳಿಸಿ, ವೇಗವನ್ನು ಅದರಿಂದ ಭಾಗಿಸಿದರೆ ಆ ಗೋಡೆಗಳ ನಡುವೆ ಹೋಗಿ ಬರುತ್ತ ತನ್ನೊಡನೆಯೇ ಕೂಡಿಕೊಂಡು ಒಂದೇ ಕಡೆ ನಿಂತುಬಿಡುವ ಅಲೆಯ ಮೊದಲ ಆವರ್ತನ ಸಿಗುತ್ತದೆ. 12 ಅಡಿಯ ಉದ್ದಕ್ಕೆ ಅದು 47 ಹರ್ಟ್ಸ್, 10 ಅಡಿಯ ಅಗಲಕ್ಕೆ ಸುಮಾರು 56.5 ಹರ್ಟ್ಸ್, ಇವುಗಳ ಎರಡರಷ್ಟು, ಮೂರರಷ್ಟು ಆವರ್ತನಗಳಲ್ಲಿಯೂ ಹೀಗೆಯೇ ಅಲೆ ನಿಲ್ಲುತ್ತದೆ. ಅಗಲವೂ ಎತ್ತರವೂ ಒಂದೇ ಆಗಿರುವ ಕೊಠಡಿಯಲ್ಲಿ ಇವೆರಡರ ಆವರ್ತನಗಳು ಒಂದರ ಮೇಲೊಂದು ಕುಳಿತು ಇಮ್ಮಡಿ ಬಲ ಪಡೆಯುತ್ತವೆ. 56.5ರ ಎರಡರಷ್ಟು ಎಂದರೆ 113 ಹರ್ಟ್ಸ್, ಅದು ಗಂಡಸರ ಮಾತಿನ ಮೂಲ ಸ್ವರ ಓಡಾಡುವ ವಲಯದ ನಟ್ಟನಡುವೆ ಬರುತ್ತದೆ. ಇಂಥ ಕೊಠಡಿಯಲ್ಲಿ ಓದಿದ ಗದ್ಯದಲ್ಲಿ ಕೆಲವು ಪದಗಳು ಮಾತ್ರ ಖಾಲಿ ಕೊಡದೊಳಗೆ ಆಡಿದಂತೆ ಉಬ್ಬಿ ಕೇಳುವುದಕ್ಕೆ ಕಾರಣ ಇದು: ಓದುವವರ ಧ್ವನಿ ವಾಕ್ಯದ ಕೊನೆಯಲ್ಲಿ ಇಳಿಯುತ್ತ 113ರ ಹತ್ತಿರ ಬಂದಾಗಲೆಲ್ಲ ಕೊಠಡಿ ತನ್ನ ಸ್ವರವನ್ನು ಸೇರಿಸುತ್ತದೆ.

ಇಲ್ಲಿಯೇ ನನಗೆ ಬಹಳ ಖುಷಿ ಕೊಟ್ಟ ಒಂದು ಸಂಗತಿಯನ್ನು ಹೇಳಬೇಕು. 113 ಹರ್ಟ್ಸ್‌ನ ಅಲೆಯ ಒತ್ತಡ ನೆಲದಲ್ಲಿ, ಚಾವಣಿಯಲ್ಲಿ ಮತ್ತು ಸರಿಯಾಗಿ ನಡುವೆ, ಅಂದರೆ ಐದು ಅಡಿ ಎತ್ತರದಲ್ಲಿ, ಅತ್ಯಂತ ಹೆಚ್ಚು. ನೆಲದಿಂದ ಎರಡೂವರೆ ಅಡಿ ಮತ್ತು ಏಳೂವರೆ ಅಡಿ ಎತ್ತರದಲ್ಲಿ ಅದು ಬಹುತೇಕ ಸೊನ್ನೆ. ಕೊಠಡಿಯ ನಡುವೆ ನಿಂತು ಓದುವವರ ಬಾಯಿ ಹೆಚ್ಚುಕಡಿಮೆ ಐದು ಅಡಿಯಲ್ಲಿರುತ್ತದೆ, ಅಂದರೆ ಅಗಲ ಮತ್ತು ಎತ್ತರ ಎರಡರ ದೃಷ್ಟಿಯಿಂದಲೂ ಆ ಅಲೆಯನ್ನು ಕೆರಳಿಸಲು ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ಅದೇ ವ್ಯಕ್ತಿ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕುಳಿತರೆ ಬಾಯಿ ಎರಡೂವರೆ ಅಡಿಯ ಆಸುಪಾಸಿಗೆ ಇಳಿಯುತ್ತದೆ. ಗಮಕಿಗಳೂ ವೈಣಿಕರೂ ಕೂರುವ ಭಂಗಿ ನಮ್ಮ ಹತ್ತು ಅಡಿ ಚಾವಣಿಯ ಕೊಠಡಿಗೆ ಹೇಳಿ ಮಾಡಿಸಿದಂತಿದೆ. ಇದರ ಜೊತೆಗೆ ಕೂರುವ ಜಾಗವನ್ನು ಅಗಲದ ಮಧ್ಯದಿಂದ ಪಕ್ಕಕ್ಕೆ ಸರಿಸಿ, ಉದ್ದದಲ್ಲಿಯೂ ನಡುವನ್ನು ಬಿಟ್ಟು ಒಂದು ತುದಿಯ ಕಡೆಗೆ ತಂದರೆ, ಒಂದು ಮೊಳೆಯನ್ನೂ ಹೊಡೆಯದೆ ಮುದ್ರಣದ ಗುಣ ಎದ್ದು ಕಾಣುವಷ್ಟು ಸುಧಾರಿಸುತ್ತದೆ. ಆದ್ದರಿಂದ ಮೊದಲ ಕೆಲಸ ಜಾಗ ಹುಡುಕುವುದು. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ಅದನ್ನು ಸ್ಪೀಕರ್‌ಗೆ ಜೋಡಿಸಿ, 113 ಹರ್ಟ್ಸ್‌ನ ಸ್ವರವನ್ನು ಹಿಡಿದು ಗೋಡೆಯಿಂದ ಗೋಡೆಗೆ ನಿಧಾನವಾಗಿ ನಡೆಯಿರಿ. ಗೋಡೆಯ ಬಳಿ ಕಿವಿ ತುಂಬುವ ಸದ್ದು ಎರಡು ಮೂರು ಅಡಿ ಈಚೆ ಬಂದರೆ ತೆಳ್ಳಗಾಗಿ, ಮುಂದೆ ಮತ್ತೆ ಉಕ್ಕುವುದು ಯಾವ ಉಪಕರಣವೂ ಇಲ್ಲದೆ ತಿಳಿಯುತ್ತದೆ.

ಮೇಲಿನ ಸ್ವರಗಳ ದೋಷ ಬೇರೆ ಬಗೆಯದು. ಖಾಲಿ ಕೊಠಡಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಅದರ ಬೆನ್ನಿಗೆ ಲೋಹದ ತಂತಿ ಝೇಂಕರಿಸಿದಂಥ ಸಣ್ಣ ಕಂಪನ ಕೇಳುತ್ತದೆ. ಹತ್ತು ಅಡಿ ಅಂತರದ ಎರಡು ಗೋಡೆಗಳ ನಡುವೆ ಚಪ್ಪಾಳೆಯ ಸದ್ದು ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಬಾರಿ ಹೋಗಿ ಬರುವುದರಿಂದ, ಬಿಡಿ ಪ್ರತಿಧ್ವನಿಗಳು ಕೂಡಿಕೊಂಡು ಒಂದು ಸ್ವರವೇ ಆಗಿಬಿಡುತ್ತವೆ. ಇದನ್ನು ನೀಗಿಸುವುದು ಸುಲಭ. ಎದುರುಬದುರು ಗೋಡೆಗಳಲ್ಲಿ ಒಂದರ ಮೇಲಾದರೂ ಹೀರುವ ವಸ್ತುವಿದ್ದರೆ ಸಾಕು. ಸುಲಭವಾದ ಈ ದೋಷ ಮಾಯವಾದ ಕೂಡಲೇ ಕೊಠಡಿ ಸಿದ್ಧವಾಯಿತೆಂದು ಜನ ನಂಬುತ್ತಾರೆ, ತೆಳುವಾದ ಫೋಮ್ ಮಾರಾಟವಾಗುವುದು ಈ ನಂಬಿಕೆಯ ಮೇಲೆಯೇ. ಒಂದು ಅಂಗುಲದ ಫೋಮ್ ಸಾವಿರ ಹರ್ಟ್ಸ್‌ಗಿಂತ ಮೇಲಿನದನ್ನು ಮಾತ್ರ ಸಮರ್ಥವಾಗಿ ಹೀರುತ್ತದೆ. ಸಕಾರ, ಶಕಾರಗಳ ಹೊಳಪು ಹೋಗಿ, ಕೆಳಗಿನ ಗುಂಗು ಹಾಗೆಯೇ ಉಳಿದು, ಧ್ವನಿ ಮೊದಲಿಗಿಂತ ಮಂಕಾಗಿ ಕೇಳುತ್ತದೆ. ಗೋಡೆ ತುಂಬ ಫೋಮ್ ಹಚ್ಚಿದ ಕೊಠಡಿಯಲ್ಲಿ ಮುದ್ರಿಸಿದ ತಂಬೂರಿಯನ್ನು ಕೇಳಿದರೆ ನಷ್ಟ ಎಷ್ಟೆಂಬುದು ಗೊತ್ತಾಗುತ್ತದೆ: ಕುದುರೆಯ ಮೇಲೆ ತಂತಿಯಡಿ ಇಡುವ ಜೀವಾಳದ ನೂಲು ಹೊರಡಿಸುವ ಮೇಲಿನ ಸ್ವರಗಳೆಲ್ಲ ಕಳೆದುಹೋಗಿ ತಂತಿಯ ಬಡಿತವಷ್ಟೇ ಉಳಿದಿರುತ್ತದೆ.

ಮೊಟ್ಟೆಯ ಟ್ರೇಗಳ ವಿಚಾರಕ್ಕೆ ಹೆಚ್ಚು ಮಾತು ಬೇಡ. ಅವು ತೆಳುವಾದ ರಟ್ಟು. ಮೇಲಿನ ಸ್ವರಗಳ ಒಂದು ಕಿರಿದಾದ ಪಟ್ಟಿಯಲ್ಲಿ ಅಲ್ಪಸ್ವಲ್ಪ ಕೆಲಸ ಮಾಡುತ್ತವೆ, ಧೂಳು ಹಿಡಿಯುತ್ತವೆ, ಬೇಗ ಹೊತ್ತಿಕೊಳ್ಳುತ್ತವೆ. ಬೆಂಕಿಯ ವಿಚಾರ ಮಾತ್ರ ಗಂಭೀರವಾದದ್ದು. 2003ರ ಫೆಬ್ರುವರಿ 20ರ ರಾತ್ರಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್‌ನಲ್ಲಿ ‘ದಿ ಸ್ಟೇಷನ್’ ಎಂಬ ನೈಟ್‌ಕ್ಲಬ್‌ನ ವೇದಿಕೆಯ ಸುತ್ತ ಸದ್ದು ತಗ್ಗಿಸಲು ಹಚ್ಚಿದ್ದ ಪಾಲಿಯುರೆಥೇನ್ ಫೋಮಿಗೆ ಬಾಣಬಿರುಸಿನ ಕಿಡಿ ತಗುಲಿ, ಕೆಲವೇ ನಿಮಿಷಗಳಲ್ಲಿ ಕಟ್ಟಡವೆಲ್ಲ ವಿಷಹೊಗೆಯಿಂದ ತುಂಬಿ, 100 ಮಂದಿ ಪ್ರಾಣ ಕಳೆದುಕೊಂಡರು. ಮನೆಯ ಸಣ್ಣ ಕೊಠಡಿಯಲ್ಲಿ ಒಂದೇ ಬಾಗಿಲು, ಗೋಡೆಯುದ್ದಕ್ಕೂ ವೈರು, ಅಡಾಪ್ಟರು. ಬೆಂಕಿ ತಡೆಯುವ ಗುಣವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡದ ಫೋಮನ್ನು ಆ ಕೊಠಡಿಯೊಳಕ್ಕೆ ತರಲೇಬಾರದು.

ಮನೆಯಲ್ಲಿಯೇ ಮಾಡಿಕೊಳ್ಳುವ ಈ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಭವನದಲ್ಲಿ ಮಾತು ಅರ್ಥವೇ ಆಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಕ್ಲೆಮೆಂಟ್ ಸ್ಯಾಬಿನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕರ ಪಾಲಿಗೆ ಬಂತು. ಅವರು ಹತ್ತಿರದ ಸ್ಯಾಂಡರ್ಸ್ ಥಿಯೇಟರ್‌ನ ಆಸನದ ದಿಂಬುಗಳನ್ನು ರಾತ್ರಿ ಹೊತ್ತು ತರಿಸಿ, ಒಂದೊಂದು ಸಾಲಿಗೂ ಜೋಡಿಸುತ್ತ, ಆರ್ಗನ್ ಕೊಳವೆಯ ಸದ್ದು ನಿಂತ ಮೇಲೆ ಅದರ ಅನುರಣನ ಕಿವಿಗೆ ಕೇಳಿಸದಂತಾಗಲು ಎಷ್ಟು ಹೊತ್ತು ಬೇಕೆಂದು ಅಳೆದರು. ಆ ದಿಂಬುಗಳಿಂದ ಹುಟ್ಟಿದ ಸೂತ್ರವನ್ನು ಇಂದಿಗೂ ಬಳಸುತ್ತೇವೆ: ಕೊಠಡಿಯ ಘನಮೀಟರ್ ಗಾತ್ರವನ್ನು 0.161ರಿಂದ ಗುಣಿಸಿ, ಅಲ್ಲಿರುವ ಒಟ್ಟು ಹೀರುವಿಕೆಯಿಂದ (ಪ್ರತಿ ಮೈಯ ಚದರ ಮೀಟರ್ ವಿಸ್ತೀರ್ಣವನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿದ ಮೊತ್ತದಿಂದ) ಭಾಗಿಸಿದರೆ ಅನುರಣನದ ಅವಧಿ ಸೆಕೆಂಡುಗಳಲ್ಲಿ ಬರುತ್ತದೆ. ನನ್ನ ಕೊಠಡಿಯ ಗಾತ್ರ 34 ಘನಮೀಟರ್, ಒಳಮೈ ಸುಮಾರು 63 ಚದರ ಮೀಟರ್. ಗಿಲಾವು ಮತ್ತು ಮೊಸಾಯಿಕ್ ತಮ್ಮ ಮೇಲೆ ಬಿದ್ದ ಸದ್ದಿನ ಶೇ. 3ರಷ್ಟನ್ನು ಮಾತ್ರ ಹೀರುತ್ತವೆಂದು ಹಿಡಿದರೆ ಬರಿದಾದ ಕೊಠಡಿಯ ಅನುರಣನ ಮೂರು ಸೆಕೆಂಡಿನ ಹತ್ತಿರಕ್ಕೆ ಹೋಗುತ್ತದೆ. ಎರಡು ಅಡಿಗೆ ನಾಲ್ಕು ಅಡಿಯ ದಪ್ಪ ಪ್ಯಾನೆಲ್‌ಗಳು ಹತ್ತು ಸೇರಿದರೆ ಅದು 0.6 ಸೆಕೆಂಡಿಗೆ ಇಳಿಯುತ್ತದೆ. ಹಾಸಿಗೆ, ಪುಸ್ತಕದ ಕಪಾಟು, ಕುಳಿತ ಮನುಷ್ಯ ಎಲ್ಲ ಸೇರಿದಾಗ ಮಾತಿನ ಮುದ್ರಣಕ್ಕೆ ಒಪ್ಪುವ 0.3 ಅಥವಾ 0.4ರ ಕಡೆಗೆ ಬರುತ್ತದೆ. ಸಣ್ಣ ಕೊಠಡಿಯಲ್ಲಿ ಸುಮಾರು 200 ಹರ್ಟ್ಸ್‌ನಿಂದ ಕೆಳಗೆ ಈ ಸೂತ್ರ ಹೊಂದುವುದಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು. ಅಲ್ಲಿ ಹಿಂದೆ ಹೇಳಿದ ನಿಂತ ಅಲೆಗಳದೇ ರಾಜ್ಯ.

ಪ್ಯಾನೆಲ್‌ಗೆ ನಾನು ಆರಿಸಿಕೊಂಡದ್ದು ರಾಕ್‌ವೂಲ್ ಹಲಗೆಗಳನ್ನು. ಕಲ್ಲನ್ನು ಕರಗಿಸಿ ಎಳೆ ತೆಗೆದು ಮಾಡುವ ಈ ವಸ್ತು ಕಾರ್ಖಾನೆಗಳ ಬಾಯ್ಲರು, ಕೊಳವೆಗಳಿಗೆ ಶಾಖ ನಿರೋಧಕವಾಗಿ ಬಳಕೆಯಲ್ಲಿರುವುದರಿಂದ ಸಂಗೀತದ ಅಂಗಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ; ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಇನ್ಸುಲೇಷನ್ ವ್ಯಾಪಾರಿಗಳನ್ನು ಕೇಳಬೇಕು. ಘನಮೀಟರಿಗೆ 48 ಕೆ.ಜಿ. ಸಾಂದ್ರತೆಯ, 50 ಮಿ.ಮೀ. ದಪ್ಪದ ಹಲಗೆಗಳನ್ನು ಎರಡೆರಡಾಗಿ ಜೋಡಿಸಿದರೆ 100 ಮಿ.ಮೀ. ಆಗುತ್ತದೆ. ಸಾಂದ್ರತೆ ಹೆಚ್ಚಾದಷ್ಟೂ ಒಳ್ಳೆಯದೆಂದು ವ್ಯಾಪಾರಿಗಳು ಹೇಳುವುದುಂಟು, ಶಾಖದ ವಿಷಯದಲ್ಲಿ ಅವರ ಮಾತು ನಿಜವಿರಬಹುದು. ಆದರೆ ದಪ್ಪ ಪ್ಯಾನೆಲ್‌ನಲ್ಲಿ ಗಾಳಿಯ ಕಣಗಳು ಎಳೆಗಳ ನಡುವೆ ಆಳದವರೆಗೆ ನುಗ್ಗಿ ತಿಕ್ಕಾಟದಲ್ಲಿ ಶಕ್ತಿ ಕಳೆದುಕೊಳ್ಳಬೇಕು. ಅತಿ ಬಿಗಿಯಾದ ಹಲಗೆ ಕೆಳಸ್ವರವನ್ನು ಮೇಲ್ಮೈಯಿಂದಲೇ ಹಿಂದಕ್ಕೆ ತಳ್ಳಿಬಿಡುತ್ತದೆ. ಚೌಕಟ್ಟಿಗೆ ಸಿಲ್ವರ್ ಓಕ್ ಮರ ಸಾಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಈ ಮರ ಹಗುರ, ಅಗ್ಗ, ಮೊಳೆ ಹಿಡಿಯುತ್ತದೆ. ಗೆದ್ದಲಿನ ಭಯವಿರುವುದರಿಂದ ಔಷಧಿ ಹಚ್ಚಿಯೇ ಬಳಸಬೇಕು. ಹಲಗೆಯ ಅಳತೆ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ರಾಕ್‌ವೂಲ್ ಮನೆಗೆ ಬಂದ ಮೇಲೆಯೇ ಬಡಗಿಗೆ ಅಳತೆ ಕೊಡುವುದು ಕ್ಷೇಮ.

ಹಲಗೆಯನ್ನು ಕತ್ತರಿಸಲು ಬ್ರೆಡ್ ಕೊಯ್ಯುವ ಉದ್ದನೆಯ ಹಲ್ಲಿನ ಚಾಕುವಿಗಿಂತ ಒಳ್ಳೆಯ ಸಾಧನವಿಲ್ಲ. ತಾರಸಿಯ ಮೇಲೆ, ಬಯಲು ಗಾಳಿಯಲ್ಲಿ, ತುಂಬು ತೋಳಿನ ಅಂಗಿ, ಕೈಗವಸು, ಕನ್ನಡಕ, ಎನ್95 ಮುಖಗವಸು ಹಾಕಿಕೊಂಡು ಈ ಕೆಲಸ ಮಾಡಬೇಕು. ಎಳೆಗಳು ಚರ್ಮಕ್ಕೆ ತಾಗಿದರೆ ಸಂಜೆಯವರೆಗೂ ತುರಿಕೆ ಬಿಡುವುದಿಲ್ಲ. ಇದರಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಹೆದರುವವರಿಗೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2002ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಿರೋಧಕ ರಾಕ್‌ವೂಲನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲಾಗದ ಮೂರನೆಯ ಗುಂಪಿನಲ್ಲಿ ಇರಿಸಿದೆ. ಹಾಗೆಂದು ಉಸಿರಿನೊಳಗೆ ಎಳೆದುಕೊಳ್ಳಬೇಕಾಗಿಲ್ಲ. ಕತ್ತರಿಸಿದ ಹಲಗೆಗೆ ಮೊದಲು ತೆಳುವಾದ ನಾನ್‌ವೋವನ್ ಬಟ್ಟೆಯನ್ನು ಸುತ್ತಿದರೆ ಎಳೆಗಳು ಒಳಗೇ ಉಳಿಯುತ್ತವೆ.

ಹೊರಗಿನ ಹೊದಿಕೆಗೆ ಖಾದಿಯನ್ನು ಬಿಟ್ಟು ಬೇರೆ ಬಟ್ಟೆಯ ಕಡೆಗೆ ನನ್ನ ಮನಸ್ಸು ಹೋಗಲೇ ಇಲ್ಲ. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿದಾಗ ಗಾಳಿ ತಡೆಯಿಲ್ಲದೆ ಆಚೆ ಹೋಗುವುದೇ ಇದರ ಪರೀಕ್ಷೆ. ಕೈನೂಲಿನ ಸಡಿಲ ನೇಯ್ಗೆಯ ಖಾದಿ ಇದರಲ್ಲಿ ಗೆಲ್ಲುತ್ತದೆ, ರೆಕ್ಸಿನ್ ಮತ್ತು ಸೋಫಾದ ದಪ್ಪ ಬಟ್ಟೆ ಸೋಲುತ್ತವೆ. ಖಾದಿಯನ್ನು ಮೊದಲು ನೀರಿಗೆ ಹಾಕಿ ಒಣಗಿಸಿ ಕುಗ್ಗಿಸಿಕೊಳ್ಳಬೇಕು. ಆಮೇಲೆ ನೆಲದ ಮೇಲೆ ಹರಡಿ, ಚೌಕಟ್ಟನ್ನು ಅದರ ಮೇಲೆ ಬೋರಲು ಹಾಕಿ, ಉದ್ದನೆಯ ಎರಡು ಬದಿಗಳ ನಡುಭಾಗದಲ್ಲಿ ಒಂದೊಂದು ಸ್ಟೇಪಲ್ ಹೊಡೆದು, ಅಲ್ಲಿಂದ ತುದಿಗಳ ಕಡೆಗೆ ಎಳೆಯುತ್ತ ಹೋಗಬೇಕು. ನೇಯ್ಗೆಯ ಎಳೆ ಚೌಕಟ್ಟಿನ ಅಂಚಿಗೆ ಸಮಾನಾಂತರವಾಗಿದೆಯೇ ಎಂದು ಪ್ರತಿ ಎಳೆತಕ್ಕೂ ನೋಡಿಕೊಳ್ಳದಿದ್ದರೆ ಮುಂಭಾಗದಲ್ಲಿ ಓರೆಯಾದ ಗೆರೆಗಳು ಕಾಣುತ್ತವೆ. ಮೂಲೆಗಳಲ್ಲಿ ಬಟ್ಟೆಯನ್ನು ಹೊದ್ದಿಕೆಯ ಅಂಚಿನಂತೆ ಒಳಮಡಿಸಿ ಕೊನೆಯಲ್ಲಿ ಹೊಡೆಯಬೇಕು. ಹಿಂಭಾಗವನ್ನು ಪ್ಲೈವುಡ್‌ನಿಂದ ಮುಚ್ಚಕೂಡದು. ಅಲೆ ಎರಡೂ ಕಡೆಯಿಂದ ಒಳಹೋಗುವಂತೆ ತಂತಿಯ ಬಲೆಯನ್ನಷ್ಟೇ ಬಿಗಿಯಬೇಕು.

ಇನ್ನು ಇವುಗಳ ಜಾಗ. ಗೋಡೆಗೆ ತಾಗಿದ ಗಾಳಿ ಅಲುಗಾಡುವುದಿಲ್ಲ; ಅಲುಗಾಟ ಅತ್ಯಂತ ಹೆಚ್ಚಿರುವುದು ಗೋಡೆಯಿಂದ ಕಾಲು ತರಂಗಾಂತರದಷ್ಟು ದೂರದಲ್ಲಿ. 113 ಹರ್ಟ್ಸ್‌ನ ತರಂಗಾಂತರ ಸುಮಾರು ಮೂರು ಮೀಟರ್, ಅದರ ಕಾಲುಭಾಗ 76 ಸೆಂ.ಮೀ. ಅಷ್ಟು ದಪ್ಪದ ಪ್ಯಾನೆಲ್ ಯಾರ ಮನೆಗೂ ಹಿಡಿಸದು. ಆದರೆ ಎರಡು ಅಡಿ ಅಗಲದ ಪ್ಯಾನೆಲನ್ನು ಎರಡು ಗೋಡೆ ಸೇರುವ ಮೂಲೆಗೆ ಅಡ್ಡಲಾಗಿ ನಿಲ್ಲಿಸಿದರೆ ಅದರ ಹಿಂದೆ ಒಂದು ಅಡಿಯವರೆಗೆ ಆಳ ತಾನಾಗಿ ಸಿಗುತ್ತದೆ, ಮತ್ತು ಕೊಠಡಿಯ ಎಲ್ಲ ನಿಂತ ಅಲೆಗಳ ಒತ್ತಡವೂ ಬಂದು ಸೇರುವ ಜಾಗ ಮೂಲೆಯೇ ಆಗಿರುತ್ತದೆ. ನೆಲದಿಂದ ಚಾವಣಿಯವರೆಗೆ ಮೂಲೆಗಳನ್ನು ಹೀಗೆ ತುಂಬಿಸಿದ ಮೇಲೆಯೇ ಉಳಿದ ಗೋಡೆಗಳ ಕಡೆಗೆ ನೋಡಬೇಕು. ಬಾಗಿಲು ಬಂದು ಒಂದು ಮೂಲೆ ಬಿಟ್ಟುಹೋದರೆ ಗೋಡೆ ಮತ್ತು ಚಾವಣಿ ಸೇರುವ ಅಂಚನ್ನು ಅದೇ ರೀತಿ ಬಳಸಬಹುದು. ಅಟ್ಟವಿರುವ ಕೊಠಡಿಯಾದರೆ ಇನ್ನೂ ಅನುಕೂಲ: ಹಳೆಯ ಹಾಸಿಗೆ, ರಜಾಯಿಗಳನ್ನು ಅಟ್ಟದ ತುಂಬ ಸಡಿಲವಾಗಿ ಪೇರಿಸಿ ಮುಂದೆ ಬಟ್ಟೆಯ ಪರದೆ ಬಿಟ್ಟರೆ ಕೆಳಸ್ವರವನ್ನು ಹೀರುವ, ಎರಡು ಅಡಿ ಆಳದ ಬೇಸ್ ಟ್ರ್ಯಾಪ್ ಸಿದ್ಧ.

ಗೋಡೆಯ ಪ್ಯಾನೆಲ್‌ಗಳನ್ನು ಗೋಡೆಗೆ ಅಂಟಿಸದೆ ನಾಲ್ಕು ಅಂಗುಲ ಮುಂದಕ್ಕೆ ನಿಲ್ಲಿಸಿದರೆ ಅದೇ ವಸ್ತುವಿನಿಂದ ಇನ್ನಷ್ಟು ಕೆಳಸ್ವರದವರೆಗೆ ಕೆಲಸ ತೆಗೆಯಬಹುದು. ಮಿಕ್ಸಿಂಗ್ ಮಾಡುವ ಮೇಜಿನ ಮುಂದೆ ಕುಳಿತು, ಪಕ್ಕದ ಗೋಡೆಯ ಮೇಲೆ ಇನ್ನೊಬ್ಬರು ಕನ್ನಡಿ ಹಿಡಿದು ಸರಿಸುತ್ತ ಹೋದಾಗ ಎಲ್ಲಿ ಸ್ಪೀಕರ್ ಕಾಣುತ್ತದೆಯೋ ಅಲ್ಲಿಂದ ಪುಟಿದ ಸದ್ದು ಕಿವಿಗೆ ಬರುವುದರಿಂದ ಅಲ್ಲಿಯೇ ಪ್ಯಾನೆಲ್ ಬರಬೇಕು. ಮುದ್ರಣಕ್ಕೆ ಮುಖ್ಯವಾದದ್ದು ಓದುವವರ ಬೆನ್ನ ಹಿಂದಿನ ಗೋಡೆ, ಏಕೆಂದರೆ ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕ್ ನೋಡುತ್ತಿರುವುದು ಓದುವವರನ್ನು ಮತ್ತು ಅವರ ಹಿಂದಿರುವುದನ್ನು. ಅಲ್ಲಿಗೆ ನಾನು ಇಳಿಬಿಟ್ಟಿರುವುದು ಕುರುಬರು ನೇಯ್ದ ಎರಡು ಕರಿಕಂಬಳಿಗಳನ್ನು. ಒರಟಾದ ಉಣ್ಣೆಯ ಈ ಕಂಬಳಿಯನ್ನು ಅಗಲದ ಅರ್ಧಕ್ಕೆ ನೆರಿಗೆಗಟ್ಟಿ ಗೋಡೆಯಿಂದ ಅರ್ಧ ಅಡಿ ಈಚೆಗೆ ನೇತುಹಾಕಿದರೆ ಮಧ್ಯ ಮತ್ತು ಮೇಲಿನ ಸ್ವರಗಳಿಗೆ ಅಂಗಡಿಯ ಫೋಮಿಗಿಂತ ಚೆನ್ನಾಗಿ ಒದಗುತ್ತದೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ನೆಲದ ಮೇಲೆ ಹತ್ತಿಯ ಹಾಸಿಗೆ, ಅದರ ಮೇಲೆ ಜಮಖಾನ. ಕುಳಿತು ಓದುವಾಗ ನೆಲದಿಂದ ಪುಟಿದ ಸದ್ದು ನೇರ ಸದ್ದಿನ ಬೆನ್ನಿಗೆ ಸುಮಾರು ನಾಲ್ಕು ಮಿಲಿಸೆಕೆಂಡಿನೊಳಗೆ ಮೈಕ್ ತಲುಪುತ್ತದೆ, ಅಷ್ಟು ಬೇಗ ಬಂದದ್ದನ್ನು ಕಿವಿ ಪ್ರತಿಧ್ವನಿಯೆಂದು ಬೇರ್ಪಡಿಸದೆ ಧ್ವನಿಯದೇ ಬಣ್ಣವೆಂದು ತೆಗೆದುಕೊಂಡುಬಿಡುತ್ತದೆ. ಚಾವಣಿಯಲ್ಲಿ ಫ್ಯಾನಿನ ಕೊಕ್ಕೆ ಕಾಂಕ್ರೀಟಿನೊಳಗೇ ಹೂತಿರುವುದರಿಂದ, ಫ್ಯಾನ್ ಇಳಿಸಿ ಅದೇ ಕೊಕ್ಕೆಗೆ ಒಂದು ಪ್ಯಾನೆಲನ್ನು ಒಂದು ಅಡಿ ಕೆಳಗೆ ತೂಗುಹಾಕಬಹುದು. ಹೇಗೂ ಮುದ್ರಣದ ಹೊತ್ತಿನಲ್ಲಿ ಫ್ಯಾನ್ ಓಡುವಂತಿಲ್ಲ. ಎಲ್ಲ ಮೈಗಳನ್ನೂ ಮುಚ್ಚುವ ಅಗತ್ಯವಿಲ್ಲ. ವೀಣೆಗೆ ಒಂದು ಗೋಡೆಯಾದರೂ ಪುಸ್ತಕದ ಕಪಾಟಿನಿಂದ ಚದುರಿ ಬರುವ ಸದ್ದನ್ನು ಬಿಟ್ಟುಕೊಡಬೇಕು, ಇಲ್ಲವಾದರೆ ನುಡಿಸುವವರು ನಾದ ಸಾಲದೆಂದು ತಂತಿಯನ್ನು ಬಲವಾಗಿ ಮೀಟತೊಡಗುತ್ತಾರೆ.

ಇಷ್ಟೆಲ್ಲ ಮಾಡಿದರೂ ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳಿಯೇ ಕೇಳುತ್ತದೆ. ಕೊಠಡಿಯೊಳಗಿನ ಸದ್ದನ್ನು ಹದಗೊಳಿಸುವುದು ಒಂದು ಕೆಲಸ, ಹೊರಗಿನ ಸದ್ದನ್ನು ತಡೆಯುವುದು ಇನ್ನೊಂದು. ಎರಡನೆಯದಕ್ಕೆ ಬೇಕಾದದ್ದು ತೂಕ ಮತ್ತು ಗಾಳಿಯಾಡದ ಬಿಗಿತ. ತೂಕ ನಮ್ಮ ಗೋಡೆಯಲ್ಲಿ ಬೇಕಾದಷ್ಟಿದೆ, ಸೋರುವುದು ಬಾಗಿಲು ಮತ್ತು ಕಿಟಕಿಗಳಲ್ಲಿ. ಟೊಳ್ಳು ಫ್ಲಶ್ ಬಾಗಿಲಿನ ಬದಲು ಗಟ್ಟಿ ಬಾಗಿಲು, ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ, ಹೊಸ್ತಿಲಿನ ಸಂದಿಗೆ ಮುಚ್ಚಿಗೆ, ಕಿಟಕಿಗೆ ಅಂತರ ಬಿಟ್ಟು ಎರಡನೆಯ ಗಾಜು, ಇವು ಯಾವ ಪ್ಯಾನೆಲ್‌ಗಿಂತಲೂ ಹೆಚ್ಚು ಉಪಕಾರಿ. ಕರಾವಳಿಯ ಹಂಚಿನ ಮನೆಯವರಿಗೆ ಈ ಭಾಗ್ಯವಿಲ್ಲ. ಹಂಚಿನ ಸಂದಿಗಳಿಂದ ಕೆಳಸ್ವರ ಹೊರಹೋಗುವುದರಿಂದ ಒಳಗಿನ ಧ್ವನಿ ಸೊಗಸಾಗಿರುತ್ತದೆ, ಮಳೆಗಾಲದಲ್ಲಿ ಮಾತ್ರ ಮುದ್ರಣವನ್ನು ಮರೆಯಬೇಕಾಗುತ್ತದೆ.

ಕೆಲಸದ ಫಲವನ್ನು ಅಳೆಯಲು ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶವಿದೆ. ಅದು ಕೆಳಗಿನಿಂದ ಮೇಲಿನವರೆಗೆ ಏರುವ ಸ್ವರವೊಂದನ್ನು ಸ್ಪೀಕರ್ ಮೂಲಕ ಹೊರಡಿಸಿ, ಮೈಕ್ ಕೇಳಿಸಿಕೊಂಡದ್ದನ್ನು ನಕ್ಷೆಯಾಗಿ ಬಿಡಿಸುತ್ತದೆ. ಅಳತೆಯ ವಿಶೇಷ ಮೈಕ್ ಇಲ್ಲದಿದ್ದರೂ, ಪ್ಯಾನೆಲ್ ಹಾಕುವ ಮೊದಲು ಮತ್ತು ಆಮೇಲೆ ಅದೇ ಮೈಕನ್ನು ಅದೇ ಜಾಗದಲ್ಲಿ ಇಟ್ಟು ಹೋಲಿಸಿದರೆ ಸಾಕು. ಏರಿಳಿತದ ಗೆರೆಗಿಂತ ಪ್ರತಿ ಆವರ್ತನವೂ ಎಷ್ಟು ಬೇಗ ಅಡಗುತ್ತದೆಂದು ತೋರಿಸುವ ವಾಟರ್‌ಫಾಲ್ ನಕ್ಷೆಯನ್ನು ನೋಡಬೇಕು. ನನ್ನ ಕೊಠಡಿಯಲ್ಲಿ ಮೂಲೆಗಳು ತುಂಬಿದ ಮೇಲೆ 113 ಹರ್ಟ್ಸ್‌ನ ಉದ್ದನೆಯ ಬಾಲ ಕಣ್ಣಿಗೆ ಕಾಣುವಂತೆ ಮೋಟಾಯಿತು, 47 ಮತ್ತು 56ರದು ಹೆಚ್ಚು ಕದಲಲಿಲ್ಲ. ಅಷ್ಟು ಕೆಳಗಿನ ಅಲೆಯನ್ನು ರಾಕ್‌ವೂಲಿನಿಂದ ಹಿಡಿಯಲು ಕೊಠಡಿಯ ಬಹುಭಾಗವನ್ನೇ ಅದಕ್ಕೆ ಕೊಡಬೇಕಾಗುತ್ತದೆ. ಮಾತಿಗೂ ಗಮಕಕ್ಕೂ ಅಲ್ಲಿ ಏನೂ ಇಲ್ಲದಿರುವುದರಿಂದ ಮುದ್ರಣದಲ್ಲಿ 70 ಹರ್ಟ್ಸ್‌ನಿಂದ ಕೆಳಗಿನದನ್ನು ಹೈಪಾಸ್ ಫಿಲ್ಟರ್‌ನಿಂದ ತೆಗೆದುಬಿಡುತ್ತೇನೆ. ವೀಣೆಗೆ ಆ ಫಿಲ್ಟರ್ ಹಾಕುವುದಿಲ್ಲ. ಅನುಮಂದ್ರದ ತಂತಿ ತುಂಬಾ ಕೆಳಗಿಳಿಯುವುದರಿಂದ, ಆ ವಾದ್ಯಕ್ಕೆ ಕೊಠಡಿಯ ಉದ್ದದಲ್ಲಿ ಕೂರುವ ಜಾಗವನ್ನು ಅಂಗುಲ ಅಂಗುಲವಾಗಿ ಸರಿಸಿ ನೋಡುವುದೊಂದೇ ಉಳಿದಿರುವ ದಾರಿ.